ಮುಟ್ಟಬೇಡಿ ಎಂಬ ಚೀಟಿ, ಮಲಗಿದ ಕಂಪ್ಯೂಟರ್

ಯಾರೂ ಮೌಸ್ ಅಲ್ಲಾಡಿಸದಿದ್ದರೆ ಕೆಲಸವೇ ನಡೆಯುತ್ತಿಲ್ಲ ಎಂದು ತಿಳಿಯುವ ಬುದ್ಧಿಯನ್ನು ಕಂಪ್ಯೂಟರಿಗೆ ಕಲಿಸಿದವರು ಯಾರೋ ಗೊತ್ತಿಲ್ಲ. ಯಾವುದೋ ಆಫೀಸಿನ ಮ್ಯಾನೇಜರೇ ಇರಬೇಕು.

ಆಗ ನಾನು ಟೋಕಿಯೋದ ಒಂದು ವಿಶ್ವವಿದ್ಯಾಲಯದಲ್ಲಿ ಭತ್ತದ ಬೇರುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಉಪ್ಪುನೀರಿನಲ್ಲಿ ಮೊಳಕೆಯ ಬೇರು ಹೇಗೆ ಇಳಿಯುತ್ತದೆ ಎಂದು ಕ್ಯಾಮೆರಾ ಗಂಟೆಗೊಮ್ಮೆ ಫೋಟೋ ತೆಗೆಯಬೇಕಿತ್ತು. ಕ್ಯಾಮೆರಾವನ್ನು ನಡೆಸಲು ಒಂದು ಹಳೆಯ ಕಂಪ್ಯೂಟರ್. ಆ ಫೋಟೋಗಳು ಸಿಕ್ಕರೆ ನನ್ನ ಫೆಲೋಶಿಪ್ ಇನ್ನೊಂದು ವರ್ಷ ಮುಂದುವರಿಯುತ್ತಿತ್ತು. ಸಿಗದಿದ್ದರೆ ಬೇರುಗಳಿಗೂ ನನಗೂ ಸಂಬಂಧ ಮುಗಿದಂತೆಯೇ.

ಆ ಕಂಪ್ಯೂಟರಿನ ಪಾಸ್‌ವರ್ಡ್ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ನಮ್ಮ ಲ್ಯಾಬಿನ ಹಿರಿಯ ಸಂಶೋಧಕರು, ಮೈಸೂರಿನವರು, ಭಾರತೀಯರೇ ಹೆಚ್ಚಿರುವ ನಿಶಿ ಕಸಾಯಿ ಬಡಾವಣೆಯಲ್ಲಿ ವಾಸ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರಿಗೆ ಬಂದ ಐಶ್ವರ್ಯ ಆ ಪಾಸ್‌ವರ್ಡ್. ಯಾರಾದರೂ ಕೇಳಿದರೆ ಮೈಯಿಂದ ಕೀಬೋರ್ಡ್ ಮುಚ್ಚಿಕೊಂಡು ತಾವೇ ಟೈಪ್ ಮಾಡುತ್ತಿದ್ದರು.

ಉದ್ದದ ರಜೆಯೊಂದರ ಹಿಂದಿನ ದಿನ ಅವರಿಗೆ ಆ ಕಂಪ್ಯೂಟರಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ಹುಮ್ಮಸ್ಸು ಬಂತು. ಹಾಕಿದರು. ಪರದೆಯ ಮೇಲೆ ಯಾವುದೋ ಪರ್ವತದ ಚಿತ್ರ ಬಂದದ್ದೇ ಚಪ್ಪಾಳೆ ತಟ್ಟಿಕೊಂಡರು.

“ಸರ್, ಹಳೇದ್ರಲ್ಲಿ ಸ್ಲೀಪ್ ಆಫ್ ಮಾಡಿತ್ತು, ಯಾರೂ ಮುಟ್ಟದಿದ್ರೂ ಮಲಗ್ತಿರ್ಲಿಲ್ಲ. ಇದ್ರಲ್ಲಿ ಪವರ್ ಸೆಟ್ಟಿಂಗ್ಸ್ ಒಂದ್ಸಲ ನೋಡ್ತೀರಾ?” ಎಂದೆ.

“ನೋಡಮ್ಮಾ, ಡಿಫಾಲ್ಟ್‌ನ ಮುಟ್ಟಬಾರ್ದು. ಅದನ್ನ ಮಾಡಿರೋರು ನಮಗಿಂತ ಬುದ್ಧಿವಂತರು.”

ಅವರಿಗಿಂತ ಬುದ್ಧಿವಂತರು ಎಂಬುದರಲ್ಲಿ ನನಗೂ ಸಂಶಯವಿರಲಿಲ್ಲ.

ಸೆಟ್ಟಿಂಗ್ಸ್ ನೋಡುವ ಬದಲು ಅವರು ಜಪಾನಿಯಲ್ಲಿ ಒಂದು ಚೀಟಿ ಪ್ರಿಂಟ್ ಮಾಡಿ, ಪ್ಲಾಸ್ಟಿಕ್ ಹೊದಿಸಿ, ಪರದೆಯ ಕೆಳಗೆ ಅಂಟಿಸಿದರು. ‘ಪ್ರಯೋಗ ನಡೆಯುತ್ತಿದೆ. ದಯವಿಟ್ಟು ಮುಟ್ಟಬೇಡಿ.’ “ಇದು ಜಪಾನ್. ಇನ್ನು ಒಂದು ನೊಣಾನೂ ಮುಟ್ಟಲ್ಲ,” ಎಂದರು. ರಜೆಯಲ್ಲಿ ಲ್ಯಾಬಿಗೆ ಬರಲು ಮುಂಚಿತವಾಗಿ ಅನುಮತಿ ಪಡೆಯಬೇಕಿತ್ತು, ಅದಕ್ಕೆ ಸಮಯ ಮೀರಿತ್ತು. ನಾನು ಗಾಜಿನ ಟ್ರೇಯಲ್ಲಿ ಬಿತ್ತಿದ ಕಾಳುಗಳನ್ನು ಕ್ಯಾಮೆರಾದ ಮುಂದಿಟ್ಟು ಇಚಿಕಾವಾದ ಮನೆಗೆ ಹೋದೆ.

ರಜೆ ಮುಗಿಸಿ ಬಂದಾಗ ಪರದೆ ಕಪ್ಪಗಿತ್ತು. ಮೌಸ್ ಮುಟ್ಟಿದೊಡನೆ ಪರ್ವತ ಎದ್ದು ಬಂತು. ಹಿರಿಯರು ಬಂದು ಪಾಸ್‌ವರ್ಡ್ ಹಾಕಿ ತೆರೆದರೆ ಒಂದೇ ಒಂದು ಫೋಟೋ ಇತ್ತು, ನಾನು ಹೊರಟ ಸಂಜೆಯದು. ಬೇರುಗಳು ಮಾತ್ರ ಗಾಜಿನ ತಳ ಮುಟ್ಟಿ ಸುರುಳಿ ಸುತ್ತಿಕೊಂಡಿದ್ದವು. ನೋಡಬೇಕಾದ್ದೆಲ್ಲ ಯಾರೂ ನೋಡದೆ ನಡೆದುಹೋಗಿತ್ತು.

ಪಕ್ಕದ ಮೇಜಿನ ಜಪಾನಿ ಸಹೋದ್ಯೋಗಿ ಅನುಮತಿ ಪಡೆದು ರಜೆಯಲ್ಲೂ ಬಂದಿದ್ದರಂತೆ. “ಪರದೆ ಕಪ್ಪಗಿದ್ದುದನ್ನು ಪ್ರತಿದಿನವೂ ನೋಡಿದೆ,” ಎಂದರು ಮೆಲ್ಲಗೆ. “ಮುಟ್ಟಬೇಡಿ ಎಂದು ಬರೆದಿತ್ತಲ್ಲ. ಕತ್ತಲೆಯೂ ಪ್ರಯೋಗದ ಭಾಗವೇ ಇರಬೇಕು ಅಂದುಕೊಂಡೆ.” ಆಮೇಲೆ “ಸುಮಿಮಾಸೆನ್, ಕ್ಷಮಿಸಿ” ಎಂದು ಬಾಗಿದರು. ನಾನೂ ತಿರುಗಿ ಬಾಗಿದೆ. ಒಂದು ಬೆರಳು ತಗುಲಿಸಿದ್ದರೆ ಸಾಕಿತ್ತು ಎಂದು ಮನಸ್ಸಿನಲ್ಲಿ ಬೈದದ್ದಂತೂ ನಿಜ.

ನಮ್ಮ ಹಿರಿಯರು ನೇರವಾಗಿ ಲ್ಯಾಬಿನ ಮುಖ್ಯಸ್ಥರಾದ ಜಪಾನಿ ಪ್ರೊಫೆಸರರ ಕೋಣೆಗೆ ಹೋಗಿ, ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿದರು. ಅಲ್ಲೇ ಪಕ್ಕದಲ್ಲಿ ನಿಂತಿದ್ದವಳು ನಾನು, ಹಾಳಾದದ್ದು ನನ್ನ ಕೆಲಸ. ಹೊರಗೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡು ನನಗೆ ಕನ್ನಡದಲ್ಲಿ ಹೇಳಿದ್ದು ಇಷ್ಟೇ: “ಒಂದು ಸಣ್ಣ ಸೆಟ್ಟಿಂಗ್ ಕಣಮ್ಮಾ. ಅಡ್ಜಸ್ಟ್ ಮಾಡ್ಕೋ.” ಬಾಗುವುದನ್ನು ಈ ದೇಶದಿಂದ ಕಲಿತಿದ್ದರು, ಯಾರಿಗೆ ಬಾಗಬೇಕು ಎಂಬುದನ್ನು ಮೈಸೂರಿನಿಂದಲೇ ಕಲಿತು ಬಂದಿದ್ದರು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅವತ್ತೇ ಸಂಜೆ ಅವರು ಪವರ್ ಸೆಟ್ಟಿಂಗ್ಸ್ ತೆರೆದು, ಸ್ಲೀಪ್ ಎಂಬಲ್ಲೆಲ್ಲ ‘ಎಂದಿಗೂ ಬೇಡ’ ಎಂದು ಗುರುತು ಹಾಕಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

ಮತ್ತೆ ಬಿತ್ತಿ ಬೆಳೆಸಿ ಅಳೆಯುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿತ್ತು. ಫೆಲೋಶಿಪ್ ಹೋಯಿತು. ಈಗ ಉರಯಾಸುವಿನ ಒಂದು ಕಂಪನಿಯಲ್ಲಿ, ಬೇರಿಗೂ ಮಣ್ಣಿಗೂ ಸಂಬಂಧವಿಲ್ಲದ ಕೆಲಸದಲ್ಲಿದ್ದೇನೆ.

ನನ್ನ ಮೇಜು ಖಾಲಿ ಮಾಡಿದ ದಿನ ಕೊನೆಯ ಸಲ ಆ ಕೋಣೆಗೆ ಹೋಗಿದ್ದೆ. ಟ್ರೇಯನ್ನು ತೊಳೆದು ಅಲ್ಲೇ ಇಟ್ಟಿದ್ದರು, ಅದರಲ್ಲಿ ಒಂದು ಕಾಳೂ ಇರಲಿಲ್ಲ. ಕಂಪ್ಯೂಟರ್ ಎಚ್ಚರವಾಗಿತ್ತು. ಕ್ಯಾಮೆರಾ ಗಂಟೆಗೊಮ್ಮೆ, ತಪ್ಪದೆ, ಆ ಖಾಲಿ ಟ್ರೇಯ ಫೋಟೋ ತೆಗೆಯುತ್ತಿತ್ತು. ಚೀಟಿ ಹಾಗೇ ಇತ್ತು, ಅದಕ್ಕೇ ಯಾರೂ ಮುಟ್ಟಿರಲಿಲ್ಲ.