ಬಂಗುಡೆಯ ಚೀಲ ಮತ್ತು ಮಂಗಳ ಗ್ರಹ

ನನಗೆ ಹೊಟ್ಟೆಕಿಚ್ಚು. ಅದೂ ಒಡಹುಟ್ಟಿದ ತಂಗಿಯ ಮೇಲೆ, ಒಂದು ಮೀನುಸಾರಿನ ವಿಷಯದಲ್ಲಿ. ಮೊದಲೇ ಒಪ್ಪಿಕೊಂಡುಬಿಟ್ಟರೆ ನಿಮಗೂ ಸುಲಭ, ನನಗೂ ಸುಲಭ.

ಮಣಿಪಾಲದ ನನ್ನ ತಮ್ಮ ಸದಾಶಿವ ಭಾನುವಾರ ಮೀನಿಗೆಂದು ಕಾಪುವಿಗೆ ಬರುತ್ತಾನೆ. ಹಿಂದೆಲ್ಲ ಅವನು ಕೊಂಡ ಬಂಗುಡೆ ಮೀನಿನ ಚೀಲ ನೇರ ನನ್ನ ಅಡುಗೆಮನೆಗೇ ಬರುತ್ತಿತ್ತು. ಈಗ ಸ್ಕೂಟರ್ ಗೇಟಿನವರೆಗೆ ಬಂದು ನಿಲ್ಲುತ್ತದೆ. “ಎಂತ ಅಕ್ಕ, ಸೌಖ್ಯ ಅಲ್ವಾ?” ಎನ್ನುತ್ತಾನೆ, ಇಂಜಿನ್ ಆರಿಸದೆ. ಏನೋ ಹೇಳಲು ಬಾಯಿ ತೆರೆದವನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಾನೆ. ಬಂಗುಡೆಯ ಚೀಲವೂ ಅವನ ಜೊತೆಗೇ.

ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಮಂಗಳ ಗ್ರಹವೂ ಹೀಗೆಯೇ ಮುಂದೆ ಹೋಗುತ್ತಾ ನಿಂತು, ಕೆಲಕಾಲ ಹಿಂದಕ್ಕೆ ಸರಿಯುವಂತೆ ಕಾಣುವುದುಂಟು. ಭೂಮಿಯೇ ನಡುವೆ ಎಂದು ನಂಬಿದ್ದ ಪಂಡಿತರಿಗೆ ಅದೊಂದು ತಲೆನೋವು. ನಂಬಿಕೆ ಬಿಡಲು ಮನಸ್ಸಿಲ್ಲ. ಮಂಗಳನ ದೊಡ್ಡ ಸುತ್ತಿನ ಮೇಲೊಂದು ಸಣ್ಣ ಸುತ್ತು ಬರೆದರು. ಸಾಲದಾದಾಗ ಮತ್ತೊಂದು ತಿದ್ದುಪಡಿ. ಇದನ್ನು ಹೇಳುವಾಗ ತರಗತಿಯಲ್ಲಿ ನಾನು ಚೆನ್ನಾಗಿ ನಗುತ್ತಿದ್ದೆ.

ಈಗ ಜಗಲಿಯಲ್ಲಿ ಕೂತು ನಾನೂ ಸಣ್ಣ ಸುತ್ತುಗಳನ್ನೇ ಬರೆದೆ. ಮೊದಲ ವಾರ, ಅವನಿಗೆ ಅರ್ಜೆಂಟು ಕೆಲಸವಿರಬೇಕು. ಎರಡನೇ ವಾರ, ವೈದ್ಯರು ಖಾರ ಬೇಡ ಎಂದಿರಬೇಕು. ಮೂರನೇ ವಾರ, ಪಾಪ, ನನ್ನ ಮೊಣಕಾಲು ನೋವು ನೆನೆದು ತೊಂದರೆ ಕೊಡಬಾರದು ಅಂದುಕೊಂಡಿರಬೇಕು. ಎಂಥ ಒಳ್ಳೆಯ ತಮ್ಮ!

ನಾಲ್ಕನೇ ವಾರ ಪಕ್ಕದ ಮನೆಯ ಮೈಮೂನಾ ಕಾಂಪೌಂಡಿನಾಚೆಯಿಂದ ಹೇಳಿದಳು: “ಟೀಚರೇ, ನಿಮ್ಮ ತಮ್ಮ ಬೆಳ್ಮಣ್ಣಿಗೆ ಹೋಗುವುದು, ನಿಮ್ಮ ತಂಗಿಯ ಮನೆಗೆ. ದಾರಿಯಲ್ಲಿ ನಮ್ಮವರಿಗೆ ಪ್ರತಿ ವಾರ ಸಿಗ್ತಾರೆ.”

ನನ್ನ ಸುತ್ತುಗಳೆಲ್ಲ ಉದುರಿಹೋದವು. ಸೂರ್ಯನನ್ನು ನಡುವೆ ಕೂರಿಸಿದ ಮೇಲೆ ಮಂಗಳನ ನಡೆ ಎಲ್ಲರಿಗೂ ಅರ್ಥವಾಯಿತು ಎಂದು ಪಾಠ ಮಾಡಿದ್ದೆ. ಭೂಮಿಗೆ ಹೇಗನಿಸಿತು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಆ ವಾರವಿಡೀ ತಂಗಿ ಸುಮಿತ್ರಳ ಫೋನು ಎತ್ತಲಿಲ್ಲ.

ಮುಂದಿನ ಭಾನುವಾರ ಸ್ಕೂಟರ್ ಬಂದು ನಿಂತಾಗ ನಾನು ಒಳ್ಳೆಯ ಸೀರೆ ಉಟ್ಟು ಗೇಟಿನಲ್ಲೇ ಇದ್ದೆ. ಏನೂ ಕೇಳದೆ ಹಿಂದಿನ ಸೀಟಿನಲ್ಲಿ ಕೂತೆ. ಸದಾಶಿವ ಮೀನಿನ ಚೀಲವನ್ನು ಮುಂದಕ್ಕೆ ಸರಿಸಿ ಸ್ಕೂಟರ್ ತಿರುಗಿಸಿದ. ಹೀಗೆ ಭೂಮಿಯೂ ಸುತ್ತಲು ಹೊರಟಿತು.

“ಅಂತೂ ಬಂದೆಯಲ್ಲ ಅಕ್ಕ!” ಎಂದಳು ಸುಮಿತ್ರ. “ನಿನ್ನನ್ನು ಕರೆದುಕೊಂಡು ಬಾ ಅಂತ ಅಣ್ಣನಿಗೆ ವಾರ ವಾರ ಹೇಳುವುದು. ಗೇಟಿನ ಹತ್ತಿರ ನಿನ್ನ ಮುಖ ನೋಡಿದರೆ ಅವನಿಗೆ ಮಾತೇ ಬರುವುದಿಲ್ಲವಂತೆ.”

ಊಟಕ್ಕೆ ಕೂತೆ. ಸಾರು ನನ್ನದಕ್ಕಿಂತ ಚೆನ್ನಾಗಿತ್ತು. ಹುಳಿ, ಖಾರ ಎಲ್ಲವೂ ಹದ. “ಉಪ್ಪು ಒಂದು ಕಲ್ಲು ಜಾಸ್ತಿಯಾಯಿತು ಮಾರಾಯ್ತಿ,” ಎಂದೆ.

ಆಗಿರಲಿಲ್ಲ. ಎರಡನೇ ಸಲ ಬಡಿಸಿಕೊಂಡು ಖಚಿತಪಡಿಸಿಕೊಂಡೆ.