ಮಾಲಿನ ಹಿಂದೆ ಮರೆಯಾದ ಪರ್ಸಿ

ಇಂಗ್ಲೆಂಡಿನ ನಾರ್ಫಕ್‌ನ ನಮ್ಮ ಹರಾಜು ಅಂಗಡಿಯಲ್ಲಿ ಪರ್ಸಿ ಲಾರ್ಟರನದು ಸಾಮಾನು ಎತ್ತಿ ತೋರಿಸುವ ಕೆಲಸ. ಹರಾಜು ಕೂಗುವವರು ಮಾಲಿನ ಹೆಸರು ಹೇಳಿದ ಕೂಡಲೇ ಅದನ್ನು ಎತ್ತಿ ಹಿಡಿದು, "ಇಲ್ಲಿದೆ ನೋಡಿ ಸಾರ್" ಅನ್ನಬೇಕು. ಜನ ನೋಡಬೇಕಾದ್ದು ಮಾಲನ್ನು, ಆಳನ್ನಲ್ಲ. ಹಾಗಾಗಿ ಪಳಗಿದ ಆಳು ಮಾಲಿನ ಹಿಂದೆ ಮುಖ ಮರೆಸಿಕೊಳ್ಳುತ್ತಾನೆ. ಪರ್ಸಿ ಮೀಸೆ ಚಿಗುರುವ ಮೊದಲೇ ಇದನ್ನು ಕಲಿತವನು. ನಾನು ಅಲ್ಲಿ ಗುಮಾಸ್ತೆಯಾಗಿದ್ದೆ.

ಒಂದು ವರ್ಷ ಟಿವಿಯವರು ಬಂದರು. ಹರಾಜು ಅಂಗಡಿಯದೇ ಕಥೆಯ ಧಾರಾವಾಹಿಯಂತೆ. ಆಳಿನ ಪಾತ್ರಕ್ಕೆ ಪರ್ಸಿಯನ್ನೇ ಹಿಡಿದರು. ಅವನ ಹೆಂಡತಿ ಐವಿ ಆಗ ಹಾಸಿಗೆ ಹಿಡಿದಿದ್ದಳು; ಚಳಿಗಾಲ ದಾಟುವುದು ಕಷ್ಟವೆಂದು ಡಾಕ್ಟರು ಹೇಳಿಯಾಗಿತ್ತು. ಗಂಡನನ್ನು ಟಿವಿಯಲ್ಲಿ ನೋಡಬೇಕೆಂಬುದೊಂದೇ ಅವಳಿಗೆ ಉಳಿದಿದ್ದ ಆಸೆ.

ಮೊದಲ ಕಂತು ನೋಡಲು ನಾವೆಲ್ಲ ಅವಳ ಮಂಚದ ಸುತ್ತ ಸೇರಿದ್ದೆವು. ಒಂದು ಬೆಳ್ಳಿಯ ಟೀ ಪಾಟ್ ಬಂತು, ಅದರ ಕೆಳಗೆ ಎರಡು ಕೈ. ಅಷ್ಟೇ.

"ನಿನ್ ಗಂಡ ಟೀ ಪಾಟ್ ಆಗ್ಬಿಟ್ನಲ್ಲೇ ಐವಿ" ಎಂದಳು ಪಕ್ಕದ ಮನೆಯ ಮಿಸೆಸ್ ಗ್ಯಾದರ್‌ಕೋಲ್.

ಐವಿ ಕೆಮ್ಮು ಬರುವಷ್ಟು ನಕ್ಕಳು. ಮುಂದಿನ ವಾರ ಹೂದಾನಿ. ಅದರ ಮುಂದಿನ ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟ ಸತ್ತ ಮೀನು. ಅವಳ ನಗು ಕಡಿಮೆಯಾಗುತ್ತ ಬಂತು.

"ಮುಖ ಯಾವಾಗ ತೋರಿಸ್ತೀಯೋ ಮಾರಾಯ? ನಾನು ಇರೋವಾಗ್ಲೋ, ಹೋದ್ಮೇಲೋ?"

"ಕೆಳಗೆ ಹಿಡೀಬೇಕು ಅಂತ್ಲೇ ನಿಂತ್ಕೋತೀನಿ ಕಣೆ. ಕೈ ತಾನಾಗೇ ಮೇಲೆ ಹೋಗ್ಬಿಡತ್ತೆ."

ಕೊನೆಯ ಕಂತಿನ ಚಿತ್ರೀಕರಣ ಇನ್ನೂ ಉಳಿದಿತ್ತು. ಆ ದಿನ ಅವನ ಕೈಗೆ ಗೋಡೆ ಗಡಿಯಾರ ಕೊಟ್ಟರು. ಪರ್ಸಿ ಹಲ್ಲು ಕಚ್ಚಿ ಅದನ್ನು ಎದೆಯ ಮಟ್ಟದಲ್ಲೇ ಹಿಡಿದು, ನೆಟ್ಟಗೆ ಕ್ಯಾಮೆರಾ ನೋಡಿ ಮಾತು ಹೇಳಿದ. ಮನೆಗೆ ಓಡಿಹೋಗಿ ಐವಿಗೆ ಸುದ್ದಿ ಮುಟ್ಟಿಸಿದ.

ಆ ಕಂತು ಬರಬೇಕಿದ್ದ ರಾತ್ರಿ ಅವಳು ತಲೆ ಬಾಚಿಸಿಕೊಂಡು, ನೀಲಿ ಸ್ವೆಟರ್ ಹಾಕಿಸಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಟಿವಿಯಲ್ಲಿ ಬಂದದ್ದು ಸ್ನೂಕರ್ ಆಟ. ನೋಡುವವರು ಕಡಿಮೆಯೆಂದು ಧಾರಾವಾಹಿಯನ್ನು ಕಿತ್ತುಹಾಕಿದ್ದರು. ಹಾಳಾದವರು ಒಂದು ಮಾತು ಮೊದಲೇ ಹೇಳಬಾರದಿತ್ತೇ? ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

"ಇದು ಮುಗಿದ್ಮೇಲೆ ಹಾಕ್ತಾರೆ ಬಿಡು" ಎಂದಳು ಐವಿ. ಟಿವಿ ಆರಿಸಲು ಪರ್ಸಿಗೆ ಮನಸ್ಸು ಬರಲಿಲ್ಲ. ಇಬ್ಬರೂ ಆಟ ಮುಗಿಯುವವರೆಗೆ ಕೂತರು. ಕ್ರಿಸ್‌ಮಸ್‌ಗೆ ಮುಂಚೆಯೇ ಅವಳು ತೀರಿಕೊಂಡಳು.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಆ ಕೊನೆಯ ಕಂತನ್ನು ಹಾಕಿದರು. ಆಫೀಸಿನ ಟಿವಿಯಲ್ಲಿ ಕಂಡವಳೇ ನಾನು ಹಿತ್ತಲಿಗೆ ಓಡಿದೆ. ಪರ್ಸಿ ಒಂದು ಬೀರುವನ್ನು ಲಾರಿಗೆ ಹಗ್ಗ ಹಾಕಿ ಬಿಗಿಯುತ್ತಿದ್ದ.

"ಬೇಗ ಬಾ ಪರ್ಸಿ, ಈಗ ನಿನ್ನ ಮುಖ ಬರತ್ತೆ."

ಅವನು ಹಗ್ಗ ಬಿಡಲಿಲ್ಲ. "ನನ್ ಮುಖ ನೋಡಿ ನಂಗೇನಾಗ್ಬೇಕು? ಅದು ಐವಿ ನೋಡ್ಲಿ ಅಂತ ತೋರ್ಸಿದ್ದು."

ಹಗ್ಗದ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ; ಅವನು ಗಂಟು ಹಾಕಿದ. ನಾನು ಒಳಗೆ ಬರುವಷ್ಟರಲ್ಲಿ ಟಿವಿಯಲ್ಲಿ ಅವನು ಬಂದು ಹೋಗಿದ್ದ.