ಚಿರತೆಯ ಮುಂದೆ ಸಂಕೋಚ

ಆಫ್ರಿಕಾ ಅಂದಮೇಲೆ ಸುಡುಬಿಸಿಲೇ ಅಂದುಕೊಂಡು ಸ್ವೆಟರುಗಳನ್ನೆಲ್ಲ ಜಪಾನಿನ ಇಚಿಕಾವಾದ ನಮ್ಮ ಮನೆಯಲ್ಲೇ ಬಿಟ್ಟು ಬಂದ ಜಾಣೆ ನಾನು. ಕೀನ್ಯಾದ ಆ ಬೆಟ್ಟದ ಮೇಲಿನ ಸಫಾರಿ ಲಾಡ್ಜಿನಲ್ಲಿ ಇಳಿದದ್ದೇ ತಡ, ಹಲ್ಲು ಕಟಕಟ ಅಂದವು. ಬಿಸಿ ಕಾಫಿ ಕೊಳ್ಳೋಣ ಅಂದರೆ, ಜಪಾನಿನಲ್ಲಿ ಮೂಲೆಗೊಂದಿರುವ ಕೊಂಬಿನಿ ಅಂಗಡಿ ಈ ಕಾಡಿನಲ್ಲೆಲ್ಲಿ? ಲಾಡ್ಜಿನ ಕಂಬಳಿಯನ್ನೇ ಹೊದ್ದುಕೊಂಡು ಜೀಪು ಹತ್ತಿದೆ.

ನಾವು ಬಂದದ್ದು ನಮ್ಮ ಯಜಮಾನರ ಚಿರತೆಗಾಗಿ. ಮೈಸೂರಿನವರು, ಝೂನಲ್ಲಿ ತೂಕಡಿಸುವ ಚಿರತೆಯನ್ನೇ ನೋಡುತ್ತ ಬೆಳೆದವರು. ಬೇಲಿಯಿಲ್ಲದ ಚಿರತೆಯನ್ನು ಒಮ್ಮೆಯಾದರೂ ನೋಡಬೇಕೆಂಬುದು ಚಿಕ್ಕಂದಿನ ಆಸೆ. ಆಫೀಸಿನಲ್ಲಿ ಇಷ್ಟು ರಜೆ ಮತ್ತೆ ಸಿಕ್ಕೀತೆಂಬ ನಂಬಿಕೆ ಅವರಿಗಿರಲಿಲ್ಲ.

ಮೊದಲ ದಿನವೇ ಎಲೆಗಳ ನಡುವೆ ಚುಕ್ಕೆಬಾಲವೊಂದು ನೇತಾಡುವುದು ಅವರಿಗೆ ಕಂಡಿತಂತೆ. ಆದರೆ ನಮ್ಮ ಗೈಡ್ ಕಿಮಾನಿ ಆನೆಲದ್ದಿಯ ಮಹಿಮೆ ಹೇಳುತ್ತಿದ್ದ. ಮಾತಾಡುವವರ ಮಾತು ಮುಗಿಯುವ ತನಕ ಬಾಯಿ ತೆರೆಯಬಾರದೆಂದು ಜಪಾನಿನ ಮೀಟಿಂಗುಗಳು ಇವರಿಗೆ ಕಲಿಸಿವೆ. ಲದ್ದಿಪುರಾಣ ಮುಗಿಯುವವರೆಗೂ ಕಾದು, ತಲೆಬಾಗಿ, "ಸುಮಿಮಾಸೆನ್, ಕಿಮಾನಿ ಸಾನ್..." ಎಂದು ಜಪಾನಿಯಲ್ಲೇ ಕ್ಷಮೆ ಕೇಳಿ ಮಾತು ಶುರುಮಾಡಿದರು. ಅಷ್ಟರಲ್ಲಿ ಬಾಲವೂ ಇಲ್ಲ, ಬಾಲದ ಒಡೆಯನೂ ಇಲ್ಲ.

ಮೌನ ಬಂಗಾರ ಅಂತಾರೆ, ಇರಬಹುದು. ಆದರೆ ಮೈಸೂರಿನವರು ಮೊದಲೇ ಸಂಕೋಚದ ಜನ, ಹಸಿದು ಕಂಗಾಲಾಗಿದ್ದರೂ "ಈಗಷ್ಟೇ ತಿಂದು ಬಂದೆ" ಅನ್ನುವವರು. ಅದರ ಮೇಲೆ ಜಪಾನಿನ ಒಗ್ಗರಣೆ ಬೇರೆ ಬಿದ್ದರೆ ಚಿರತೆ ಕಾದು ಕೂತಿರುತ್ತದೆಯೇ? ಹೀಗೆಂದು ರೇಗಿಸಿದೆ. ಅವರು ನಗಲಿಲ್ಲ. ಸಪ್ಪೆ ಮೋರೆ ನೋಡಿ ನಾನೂ ರೇಗಿಸುವುದನ್ನು ಬಿಟ್ಟೆ.

ಕೊನೆಯ ಬೆಳಗ್ಗೆ ಅವರು ದುರ್ಬೀನು ಹಿಡಿದು ಬಲಗಡೆಯ ಮರಗಳನ್ನು ಜಾಲಾಡುತ್ತಿದ್ದರು. ಎಡಗಡೆಯ ಬಂಡೆಯ ಮೇಲೆ, ಸಾಕ್ಷಾತ್ ಚಿರತೆ.

"ರೀ, ಈ ಕಡೆ! ಬೇಗ ತಿರುಗ್ರೀ!"

ಪಕ್ಕದ ಮನೆಯವರಿಗೆ ಕೇಳಿಸೀತೆಂದು ಇಚಿಕಾವಾದಲ್ಲಿ ವರ್ಷಗಟ್ಟಲೆ ಅದುಮಿಟ್ಟಿದ್ದ ಗಂಟಲು. ನಾವು ಬೆಂಗಳೂರಿನಲ್ಲಿದ್ದಾಗ ಮೂರನೇ ಮಹಡಿಯಿಂದ ಸೊಪ್ಪಿನ ಗಾಡಿ ನಿಲ್ಲಿಸುತ್ತಿದ್ದ ಗಂಟಲು ಅದು. ಕಿಮಾನಿ ಹಣೆ ಚಚ್ಚಿಕೊಂಡ. ಚಿರತೆ ಮಾತ್ರ ಓಡಲಿಲ್ಲ. ಟೋಕಿಯೋ ರೈಲಿನಲ್ಲಿ ಫೋನ್ ಮಾಡುವ ಮರ್ಯಾದೆಗೆಟ್ಟವರನ್ನು ಜನ ನೋಡುವ ಹಾಗೆ ನನ್ನನ್ನೊಮ್ಮೆ ನೋಡಿ, ಮೈಮುರಿದು, ಅಲ್ಲೇ ಕೂತಿತು. ನಮ್ಮ ಯಜಮಾನರು ಕಣ್ತುಂಬ ನೋಡಿದರು.

ಲಾಡ್ಜಿಗೆ ಮರಳುವಾಗ ಕೇಳಿದೆ, "ಹೇಗಿತ್ರೀ ನಿಮ್ಮ ಚಿರತೆ?"

"ಚೆನ್ನಾಗಿತ್ತು," ಅಂದರು. ಮೆಲ್ಲಗೆ ಸೇರಿಸಿದರು: "ನೀನು ಹಾಗೆ ಕೂಗಿ ಎಷ್ಟು ವರ್ಷ ಆಗಿತ್ತು ಕಣೇ. ಒಂದು ಕ್ಷಣ ಊರಿಗೇ ಹೋಗಿಬಂದ ಹಾಗಾಯ್ತು."